‘ನೀವು’ ಅಂದರೆ ಎಷ್ಟು ಜನ?

ಎದೆಯ ಮೇಲೆ ಬಾವಿಯ ಚಿತ್ರ ಚುಚ್ಚಿಕೊಂಡು ಓಡಾಡು ಎಂದರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ? ಅದೂ ಎಲ್ಲೋ ಮೂಲೆಯಲ್ಲಿ ಕಾಣದ ಹಾಗೆ ಅಲ್ಲ. ಅಂಗೈಯಗಲದ ನೀಲಿ ಬಿಲ್ಲೆ, ನಡುವೆ ಗುಂಡಗೆ ಒಂದು ಬಾವಿ, ಕೆಳಗೆ ದಪ್ಪಕ್ಷರದಲ್ಲಿ ‘ನಾನು ಬಾವಿ’ ಎಂಬ ಘೋಷಣೆ. ಗುಡುಗಕ್ಕ ಅದನ್ನು ಚುಚ್ಚಿಕೊಳ್ಳುವಾಗ ಪಿನ್ನು ಬೆರಳಿಗೆ ತಗುಲಿ ರಕ್ತ ಬಂತು. ಬಟ್ಟೆಗೆ ಕಲೆಯಾಗುವ ಮೊದಲೇ ಬೆರಳನ್ನು ಬಾಯಿಗಿಟ್ಟುಕೊಂಡಳು. ಲಾಂಡ್ರಿಯಲ್ಲಿ ಕೆಲಸ ಮಾಡುವವರಿಗೆ ರಕ್ತದ ಕಲೆಯ ಹಟ ಎಂಥದ್ದೆಂದು ಬೇರೆ ಹೇಳಬೇಕಾಗಿಲ್ಲ.

ಲಾಂಡ್ರಿ ಎಂದರೆ ಬೀದಿ ಬದಿಯ ಇಸ್ತ್ರಿ ಅಂಗಡಿಯಲ್ಲ. ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳ ಹಾಸುಬಟ್ಟೆ, ದಿಂಬಿನ ಚೀಲ, ಟವೆಲುಗಳು ಲಾರಿಗಟ್ಟಲೆ ಬಂದು ಬೀಳುವ ಜಾಗ. ಒಂದು ಕಡೆ ಆಳೆತ್ತರದ ಒಗೆಯುವ ಯಂತ್ರಗಳು ದಿನವಿಡೀ ಹೊಟ್ಟೆ ಗುಡುಗುಡು ಅನ್ನಿಸಿಕೊಂಡು ತಿರುಗುತ್ತವೆ. ಇನ್ನೊಂದು ಕಡೆ ಬಿಸಿ ರೋಲರಿನ ಬಾಯಿಂದ ಹಾಸುಬಟ್ಟೆಗಳು ಗರಿಗರಿಯಾಗಿ ಹೊರಬರುತ್ತವೆ. ಅಲ್ಲಿ ಇಬ್ಬಿಬ್ಬರು ಎದುರುಬದುರು ನಿಂತು, ಮೂಲೆಗಳನ್ನು ಹಿಡಿದು, ಒಮ್ಮೆ ಜಗ್ಗಿ, ನಾಲ್ಕು ಹೆಜ್ಜೆ ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಿ ಮಡಚುತ್ತಾರೆ. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳದು. ಕೇಳುತ್ತಿದ್ದುದು ಒಬ್ಬಳದೇ. ‘ಆ ಕೊನೇ ಯಂತ್ರ ನಿಲ್ಸಿ, ನೀರು ಸೋರ್ತಿದೆ’ ಎಂದು ಅವಳು ಈ ತುದಿಯಲ್ಲಿ ಅಂದರೆ ಆ ತುದಿಯಲ್ಲಿ ಕೈಗಳು ಸ್ವಿಚ್ಚಿಗೆ ಹೋಗುತ್ತಿದ್ದವು. ಹಾಗಾಗಿ ಅವಳು ಗುಡುಗಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು.

ಮೇಲ್ವಿಚಾರಕಿ ಹಿರಿಯಮ್ಮನಿಗೆ ಮೊಣಕಾಲು ನೋವು ಹತ್ತಿಕೊಂಡ ಮೇಲೆ ಪಾಳಿಯನ್ನು ನಡೆಸುತ್ತಿದ್ದವಳು ಗುಡುಗಕ್ಕನೇ. ಯಾರು ರೋಲರಿಗೆ, ಯಾರು ಮಡಚುವುದಕ್ಕೆ, ಯಾವ ಆಸ್ಪತ್ರೆಯ ಮೂಟೆ ಮೊದಲು, ಯಾರಿಗೆ ಇವತ್ತು ಬೆನ್ನು ಹಿಡಿದಿದೆ, ಯಾರು ಬೆನ್ನು ಹಿಡಿದ ಹಾಗೆ ನಾಟಕ ಮಾಡುತ್ತಿದ್ದಾರೆ, ಎಲ್ಲ ಅವಳ ಬಾಯಲ್ಲೇ ತೀರ್ಮಾನ. ಹಿರಿಯಮ್ಮ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ‘ಗುಡುಗು ಹೇಳಿದ ಹಾಗೆ ಮಾಡ್ರಮ್ಮ’ ಎನ್ನುತ್ತಿದ್ದಳು. ಹಿರಿಯಮ್ಮ ನಿವೃತ್ತಿಯಾದರೆ ಕುರ್ಚಿ ಯಾರಿಗೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಗುಡುಗಕ್ಕನಿಗೂ ಇರಲಿಲ್ಲ. ಆ ಕುರ್ಚಿ ಅವಳಿಗೆ ಬೇಕಿತ್ತು. ಬೇಕಾದ್ದನ್ನು ಬೇಡ ಎನ್ನುವ ನಯ ನಾಜೂಕು ಅವಳಿಗೆ ಎಂದೂ ಕೈಹತ್ತಿರಲಿಲ್ಲ.

ಅಷ್ಟರಲ್ಲಿ ಆಡಳಿತದವರಿಗೆ ಜ್ಞಾನೋದಯವಾಯಿತು. ಸಿಬ್ಬಂದಿಯ ಸ್ವಭಾವ ತಿಳಿಯದೆ ಕೆಲಸ ಹಂಚುವುದು ಕುರುಡುತನವಂತೆ. ಹೊಸ ಸಿಬ್ಬಂದಿ ಅಧಿಕಾರಿಯೊಬ್ಬ ಬಂದ. ಬೈಯುವಾಗಲೂ ನಗುತ್ತಿದ್ದುದರಿಂದ ಹೆಂಗಸರು ಮೊದಲ ದಿನವೇ ಅವನಿಗೆ ನಗುಮುಖ ಎಂದು ನಾಮಕರಣ ಮಾಡಿದರು. ಜಗತ್ತಿನ ಜನರೆಲ್ಲ ನಾಲ್ಕೇ ಬಗೆ ಎಂದು ನಗುಮುಖ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದ. ದಾರಿ ತೋರುವವರು ದೀಪ. ಜನರನ್ನು ಕೂಡಿಸುವವರು ಸೇತುವೆ. ಹೊಸದನ್ನು ಯೋಚಿಸುವವರು ಗಾಳಿಪಟ. ಯಾರೊಂದಿಗೂ ಬೆರೆಯದೆ ಒಳಗೊಳಗೇ ಇರುವವರು ಬಾವಿ. ಯಾವ ಬಗೆಯೂ ಮೇಲಲ್ಲ, ಯಾವುದೂ ಕೀಳಲ್ಲ ಎಂದು ಒತ್ತಿ ಒತ್ತಿ ಹೇಳಿದ. ಹಾಗೆ ಒತ್ತಿ ಹೇಳಿದಾಗಲೇ ಗುಡುಗಕ್ಕನಿಗೆ ಅನುಮಾನ ಬರಬೇಕಿತ್ತು.

ಪರೀಕ್ಷೆ ಫೋನಿನಲ್ಲಿ. ಮನೆಯಲ್ಲೇ ಆರಾಮಾಗಿ ಕೂತು ಉತ್ತರಿಸಬಹುದು. ಗುಡುಗಕ್ಕನದು ಗುಂಡಿ ಒತ್ತುವ ಹಳೆಯ ಫೋನು. ಕಚೇರಿಯಲ್ಲಿ ಬರೆಸಿದ್ದು ಗಂಡನ ನಂಬರು, ಹಾಗಾಗಿ ಪರೀಕ್ಷೆ ಬಂದು ಬಿದ್ದದ್ದು ಗಂಡನ ಫೋನಿಗೆ. ಅವನು ತಕ್ಕಡಿ, ತೂಕದ ಯಂತ್ರಗಳನ್ನು ರಿಪೇರಿ ಮಾಡುವವನು. ಒಂದು ಭಾನುವಾರ ಸಂಜೆ, ತನಗೇ ಪರೀಕ್ಷೆ ಬಂದಷ್ಟು ಗಂಭೀರವಾಗಿ ಕನ್ನಡಕ ಏರಿಸಿ ನಡುಮನೆಯಲ್ಲಿ ಕೂತ. ಒಂದು ಮಗ್ಗುಲಿಗೆ ಅವನ ತಾಯಿ, ಇನ್ನೊಂದು ಮಗ್ಗುಲಿಗೆ ಅವನ ಅಣ್ಣ. ಮಹಡಿಯ ಮನೆಯಲ್ಲಿರುವ ಈ ಭಾವ ಸಂಜೆಯ ಚಹಾಕ್ಕೆ ತಪ್ಪದೆ ಕೆಳಗಿಳಿಯುತ್ತಾನೆ. ಗುಡುಗಕ್ಕ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು.

‘‘ಕೇಳಿಸ್ಕೋ, ಓದ್ತೀನಿ,’’ ಎಂದ ಗಂಡ. ‘‘ನೀವು ಹೊಸಬರೊಂದಿಗೆ ಸುಲಭವಾಗಿ ಬೆರೆಯುತ್ತೀರಾ?’’

ಅಡುಗೆಮನೆಯಿಂದ ಉತ್ತರ ಬರುವ ಮೊದಲೇ ಅತ್ತೆ ಬಾಯಿ ಹಾಕಿದರು. ‘‘ನಾವೆಲ್ಲಿ ಬೆರೀತೀವಪ್ಪ? ನಮ್ಮನೆಗೆ ಯಾರು ಬರ್ತಾರೆ, ನಾವು ಯಾರ ಮನೆಗೆ ಹೋಗ್ತೀವಿ? ಇಲ್ಲ ಅಂತ ಒತ್ತು.’’

ಗಂಡ ಒತ್ತಿದ.

‘‘ನೀವು ತೀರ್ಮಾನಗಳನ್ನು ಬೇಗ ತೆಗೆದುಕೊಳ್ಳುತ್ತೀರಾ?’’

‘‘ಆತುರಪಟ್ಟು ಏನೂ ಮಾಡಲ್ಲ ನಾವು,’’ ಎಂದ ಭಾವ, ಚಹಾ ಆರಿಸಿಕೊಳ್ಳುತ್ತ. ಅದು ನಿಜ. ಬಚ್ಚಲ ಬಾಗಿಲಿಗೆ ಯಾವ ಬಣ್ಣ ಎಂಬ ಚರ್ಚೆ ಅಣ್ಣತಮ್ಮಂದಿರ ನಡುವೆ ಎಷ್ಟು ಕಾಲ ನಡೆಯಿತೆಂದರೆ, ಅಷ್ಟರಲ್ಲಿ ಬಾಗಿಲೇ ಗೆದ್ದಲು ಹಿಡಿದು ಉದುರಿಹೋಗಿತ್ತು. ಗಂಡ ‘ಇಲ್ಲ’ ಒತ್ತಿದ.

‘‘ನಿಮ್ಮ ತಪ್ಪನ್ನು ಯಾರಾದರೂ ಎತ್ತಿ ತೋರಿಸಿದರೆ ನಿಮಗೆ ಬೇಸರವಾಗುತ್ತದೆಯೇ?’’

‘‘ನಮ್ಮ ತಪ್ಪು ತೋರಿಸೋಕೆ ಯಾರಿಗಿದೆ ಧೈರ್ಯ?’’ ಎಂದರು ಅತ್ತೆ. ಅದು ‘ಹೌದು’ ಆಯಿತು.

ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ ಉರುಳಿತು. ನೀವು ಅಪರಿಚಿತರನ್ನು ನಂಬುತ್ತೀರಾ? ಅತ್ತೆಗೆ ಹಾಲಿನವನ ಮೇಲೂ ಅನುಮಾನ. ನಿಮಗೆ ಸಿಟ್ಟು ಬಂದರೆ ಕೂಡಲೇ ಹೇಳಿಬಿಡುತ್ತೀರಾ? ಗಂಡ ಸಿಟ್ಟು ಬಂದರೆ ವಾರಗಟ್ಟಲೆ ಮಾತು ಬಿಡುತ್ತಾನೆ. ಗುಡುಗಕ್ಕ ಒಳಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡು ನಗುತ್ತಿದ್ದಳು. ಅವಳಿಗೂ ‘ನೀವು’ ಎಂದರೆ ಮನೆಮಂದಿಯೆಲ್ಲ ಎಂದೇ ಅನ್ನಿಸಿತ್ತು. ತವರಲ್ಲಿ ಅವಳು ನೀನು, ಗಂಡನ ಮನೆಯಲ್ಲಿ ನೀನು, ಲಾಂಡ್ರಿಯಲ್ಲಿ ನೀನು, ತರಕಾರಿಯವನಿಗೆ ನೀನು, ಹಲ್ಲು ಕೀಳುವ ಡಾಕ್ಟರಿಗೂ ನೀನು. ಅವಳೊಬ್ಬಳನ್ನೇ ಹಿಡಿದು ‘ನೀವು’ ಎಂದವಳು ಇಷ್ಟು ವರ್ಷದಲ್ಲಿ ಒಬ್ಬಳೇ. ‘ನೀವು ಕರೆ ಮಾಡಿರುವ ಚಂದಾದಾರರು’ ಎಂದು ಫೋನಿನೊಳಗಿಂದ ಮಾತಾಡುವ ಹೆಂಗಸು.

‘‘ನೀವು ಗುಂಪಿನಲ್ಲಿದ್ದಾಗ ಮುಂದಾಳತ್ವ ವಹಿಸುತ್ತೀರಾ?’’ ಎಂದು ಗಂಡ ಓದಿದಾಗ ಮಾತ್ರ ಅವಳ ಕೈ ಹಿಟ್ಟಿನಲ್ಲಿ ನಿಂತಿತು.

‘‘ರೀ, ಇದೆಲ್ಲ ನನ್ನ ಬಗ್ಗೆ ಕೇಳ್ತಿರಬೇಕು ಕಣ್ರೀ,’’ ಎಂದಳು ಅಲ್ಲಿಂದಲೇ.

ಅತ್ತೆ ನಕ್ಕುಬಿಟ್ಟರು. ‘‘ನೀವು ಅಂತಿದೆಯಲ್ಲೇ. ನೀವು ಅಂದ್ರೆ ನಾವೆಲ್ಲ. ನಿನ್ನೊಬ್ಬಳನ್ನ ಯಾರು ನೀವು ಅಂತಾರೆ?’’

ಭಾವ ನಕ್ಕ. ಗಂಡ ನಕ್ಕ. ಗುಡುಗಕ್ಕನೂ ನಕ್ಕಳು, ಏಕೆಂದರೆ ಅದು ಹೌದು ಅನ್ನಿಸುವಂತೆಯೇ ಇತ್ತು. ಗಂಡ ಅಣ್ಣನ ಮುಖ ನೋಡಿದ, ಅಣ್ಣ ತಾಯಿಯ ಮುಖ ನೋಡಿದ. ನಮಗ್ಯಾಕಪ್ಪ ಮುಂದಾಳತ್ವ ಎಂದು ತಾಯಿ ಕೈ ಆಡಿಸಿದರು. ಅದೂ ‘ಇಲ್ಲ’ ಆಯಿತು.

ಫಲಿತಾಂಶ ಬಂದ ದಿನ ನಗುಮುಖ ಬಿಲ್ಲೆಗಳನ್ನು ತಟ್ಟೆಯಲ್ಲಿಟ್ಟು ಹಂಚಿದ. ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲಿ ಅಂತ ಎಲ್ಲರೂ ಎದೆಗೆ ಧರಿಸಬೇಕು, ತೆಗೆಯಬಾರದು. ಗುಡುಗಕ್ಕನ ಬಿಲ್ಲೆಯ ಜೊತೆ ಬಂದ ವರದಿಯಲ್ಲಿ ಹೀಗಿತ್ತು: ನೀವು ಆಳವಾದವರು. ಬೇಗ ತೆರೆದುಕೊಳ್ಳುವುದಿಲ್ಲ. ತೀರ್ಮಾನಕ್ಕೆ ಇತರರ ಒಪ್ಪಿಗೆ ಬಯಸುತ್ತೀರಿ. ಸಿಟ್ಟನ್ನು ಒಳಗೇ ಇಟ್ಟುಕೊಳ್ಳುತ್ತೀರಿ. ಏಕಾಂತದ ಕೆಲಸದಲ್ಲಿ ನೀವು ಅರಳುತ್ತೀರಿ.

ಹಿರಿಯಮ್ಮ ನಿವೃತ್ತಿಯಾದಳು, ಕುರ್ಚಿ ಗುಬ್ಬಿಗೆ ಹೋಯಿತು. ಗುಬ್ಬಿ ಎಂದರೆ ಗುಡುಗಕ್ಕನ ಎದುರು ನಿಂತು ಹಾಸುಬಟ್ಟೆ ಮಡಚುತ್ತಿದ್ದವಳು, ಕೂಗಿ ಕರೆದರೆ ಬೆಚ್ಚುವವಳು. ಅವಳ ಎದೆಯ ಮೇಲೆ ಹಳದಿ ಬಿಲ್ಲೆ, ಅದರೊಳಗೆ ದೀಪ. ಮಾತೆತ್ತಿದರೆ ಹೀಗೂ ಅಲ್ಲ ಹಾಗೂ ಅಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವವಳನ್ನು ದೀಪವೆಂದು ಕಂಡುಹಿಡಿದದ್ದೇನೋ ಒಂದು ರೀತಿಯಲ್ಲಿ ಸರಿಯೇ ಎಂದು ಗುಡುಗಕ್ಕನಿಗೆ ನಗು ಬಂತು. ಆದರೆ ಬಾವಿಗಳಿಗೆ ಏಕಾಂತ ಒಗ್ಗುತ್ತದೆಂದು ಅವಳನ್ನು ಹಿಂದಿನ ಕೋಣೆಗೆ ಹಾಕಿದ್ದರು.

ಹಿಂದಿನ ಕೋಣೆ ಎಂದರೆ ಆಸ್ಪತ್ರೆಯ ಮೂಟೆ ಬಿಚ್ಚುವ ಜಾಗ. ಒಗೆಯುವ ಮೊದಲು ಒಂದೊಂದು ಬಟ್ಟೆಯನ್ನೂ ಕೊಡವಿ ನೋಡಬೇಕು. ಮಡಿಕೆಗಳಲ್ಲಿ ಸೂಜಿ ಇರುತ್ತದೆ, ಕತ್ತರಿ ಇರುತ್ತದೆ, ಒಮ್ಮೊಮ್ಮೆ ಯಾರದೋ ಹಲ್ಲಿನ ಸೆಟ್ಟು ಇರುತ್ತದೆ. ಮೊಣಕೈವರೆಗೆ ಕೈಗವಸು, ಕಣ್ಣಿನ ಕೆಳಗಿನಿಂದ ಗಲ್ಲದವರೆಗೆ ಬಿಗಿಯಾದ ಮುಸುಕು, ಸಾಲದ್ದಕ್ಕೆ ಮುಚ್ಚಿದ ಗಾಜಿನ ಬಾಗಿಲು. ಅಲ್ಲಿಂದ ಕೂಗಿದರೆ ತನ್ನ ದನಿ ತನ್ನ ಮೂಗಿಗೇ ಬಡಿದು ವಾಪಸು ಬರುತ್ತದೆ. ಮಾತಾಡುವುದಕ್ಕೆ ಯಾರೂ ಇರುವುದಿಲ್ಲ. ಇಡೀ ಪಾಳಿಯನ್ನು ಬಾಯಲ್ಲಿ ನಡೆಸಿದವಳಿಗೆ ಬಾಯಿ ಕಟ್ಟಿ ಕೂರಿಸುವುದಕ್ಕೆ ಇಷ್ಟು ಚೆನ್ನಾಗಿ ಯಾರೂ ಯೋಚಿಸಿರಲಾರರು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದೆ ಉಳಿದದ್ದು ಜನರ ಮಾತು. ‘ಗುಡುಗಕ್ಕ ಬಾವಿಯಾ? ತಲೆ ಕೆಟ್ಟಿದೆ ಇವರಿಗೆ’ ಎಂದು ಒಬ್ಬರಾದರೂ ಅಂದಾರು ಎಂದು ಅವಳು ಕಾದಳು. ಮೊದಲ ದಿನ ಎಲ್ಲರೂ ನಕ್ಕರು. ಒಗೆಯುವ ಕಡೆಯ ಗಂಡಸರು ಅವಳು ಹಾದುಹೋದಾಗ ಕಪ್ಪೆಯ ಹಾಗೆ ವಟಗುಟ್ಟಿದರು. ಎರಡನೆಯ ದಿನಕ್ಕೆ ನಗು ನಿಂತು ಯೋಚನೆ ಶುರುವಾಯಿತು. ‘‘ಜೋರಾಗಿ ಮಾತಾಡೋರು ಒಳಗೊಳಗೆ ಹಾಗೇ ಇರ್ತಾರೆ ಕಣೆ,’’ ಎಂದಳು ರೋಲರಿನ ಹೆಂಗಸು. ‘‘ಅವಳು ಯಾರ ಮನೆಗೂ ಬರಲ್ಲ, ನೋಡಿದ್ದೀಯಾ?’’ ಎಂದಳು ಇನ್ನೊಬ್ಬಳು. ಯಾರ ಮನೆಗೂ ಹೋಗದಿರುವುದು, ಹೋದರೆ ಅತ್ತೆಗೆ ಸರಿಬರುವುದಿಲ್ಲ ಎಂಬ ಕಾರಣಕ್ಕೆ ಎಂದು ಅವರಿಗೇನು ಗೊತ್ತು? ವಾರ ಕಳೆಯುವುದರೊಳಗೆ ಇಡೀ ಲಾಂಡ್ರಿಗೆ ಅವಳು ಹುಟ್ಟಾ ಬಾವಿ ಎಂಬುದು ಮನವರಿಕೆಯಾಗಿತ್ತು. ಮೊದಲಿಂದಲೂ ತಮಗೆ ಅನ್ನಿಸುತ್ತಿತ್ತು ಎಂದು ಹೇಳುವವರೂ ಹುಟ್ಟಿಕೊಂಡರು.

ಊಟದ ಹೊತ್ತಿಗೆ ಗುಬ್ಬಿ ಗಾಜಿನ ಬಾಗಿಲ ಹತ್ತಿರ ಬಂದು ನಿಂತಳು. ಗುಡುಗಕ್ಕ ಮುಸುಕು ಇಳಿಸಿ ಹೊರಗೆ ಬಂದಳು.

‘‘ಸಿಟ್ಟಾ ಅಕ್ಕಾ?’’

‘‘ನಿನ್ನ ಮೇಲೆ ಯಾಕೆ ಸಿಟ್ಟು? ನೀನೇನು ಮಾಡ್ದೆ?’’

‘‘ನನ್ನ ಮಗಳು ಹೇಳಿದ್ಲು, ಎಲ್ಲಾದಕ್ಕೂ ಹೌದು ಅಂತ ಒತ್ತಮ್ಮ, ಇಲ್ಲ ಅಂದ್ರೆ ಅವರಿಗೆ ಬೇಜಾರಾಗತ್ತೆ ಅಂತ. ಒತ್ತಿದೆ. ದೀಪ ಬಂತು.’’ ಗುಬ್ಬಿ ಬಿಲ್ಲೆಯನ್ನು ಕೈಯಲ್ಲಿ ಮುಚ್ಚಿಕೊಂಡಳು. ‘‘ನಂಗೆ ಈ ಜನಾನ ಕೂಗಿ ಕರೆಯೋಕೂ ಆಗಲ್ಲ ಅಕ್ಕ. ಆದ್ರೆ ಬಂದಿದ್ದನ್ನ ಬೇಡ ಅನ್ನೋ ಸ್ಥಿತೀಲಿ ನಾನಿಲ್ಲ.’’

‘‘ಬೇಡ ಅನ್ನು ಅಂತ ನಾನು ಹೇಳಿದ್ನಾ?’’

‘‘ಇಲ್ಲ.’’ ಗುಬ್ಬಿ ನೆಲ ನೋಡಿದಳು. ‘‘ಆದ್ರೂ ಒಂದು ಹೇಳ್ಲಾ? ಆ ವರದಿ ಓದಿದಾಗ ನಂಗೂ ಅನ್ನಿಸ್ತು. ನೀನು ಎಲ್ಲಾ ಮಾತಾಡ್ತೀಯ, ನಿನ್ನ ಮನೆ ಮಾತು ಮಾತ್ರ ಯಾವತ್ತೂ ಆಡಿಲ್ಲ. ಒಳಗೊಳಗೆ ನೀನು ಹಾಗೇ ಇರಬಹುದೇನೋ ಅಕ್ಕ.’’

ದಿನವೂ ಹಾಸುಬಟ್ಟೆಯ ಆ ತುದಿಯಿಂದ ಈ ತುದಿಗೆ ನಡೆದು ಬಂದು ಕೈಗೆ ಕೈ ಸೇರಿಸಿದವಳು ಈ ಮಾತು ಆಡಿದಳು. ಬೇರೆ ಯಾರು ಅಂದಿದ್ದರೂ ಗುಡುಗಕ್ಕ ಅಲ್ಲೇ ತಕ್ಕ ಉತ್ತರ ಕೊಡುತ್ತಿದ್ದಳು. ಈಗ ಕೈಗವಸು ಕಿತ್ತೆಸೆದು ಸೀದಾ ಮೆಟ್ಟಿಲು ಹತ್ತಿ ನಗುಮುಖನ ಕೋಣೆಗೆ ಹೋದಳು.

ನಗುಮುಖ ನಕ್ಕ. ಅವನ ಕೋಟಿನ ಮೇಲೆ ಗಾಳಿಪಟ.

‘‘ಬಾಮ್ಮ, ಕೂತ್ಕೋ. ಏನು ಸಮಾಚಾರ?’’

‘‘ಸಾರ್, ಆ ಪರೀಕ್ಷೆ ತಪ್ಪಾಗಿದೆ. ನಾನು ಇನ್ನೊಂದ್ಸಲ ಬರೀಬೇಕು.’’

‘‘ಬಾವಿಗಳು ಮೊದಮೊದಲು ಫಲಿತಾಂಶ ಒಪ್ಪಲ್ಲ. ಅದೂ ನಿನ್ನ ವರದೀಲೇ ಇದೆ ನೋಡು, ಕೊನೇ ಪುಟ.’’

‘‘ಒಪ್ಪಿದ್ರೆ?’’

‘‘ಒಪ್ಪಿದ್ರೆ ಸರಿಯಾಗಿದೆ ಅಂತಾನೇ ತಾನೆ?’’

ಗುಡುಗಕ್ಕನಿಗೆ ಕಿವಿಯಲ್ಲಿ ಒಗೆಯುವ ಯಂತ್ರ ತಿರುಗಿದ ಹಾಗಾಯಿತು. ಒಪ್ಪಿದರೂ ಬಾವಿ, ಒಪ್ಪದಿದ್ದರೂ ಬಾವಿ. ಸಿಟ್ಟು ಮಾಡಿಕೊಂಡರೆ ಒಳಗಿದ್ದ ಸಿಟ್ಟು ಹೊರಗೆ ಬಂತು ಎನ್ನುತ್ತಾನೆ, ಸುಮ್ಮನಿದ್ದರೆ ನೋಡಿ ಒಳಗೇ ಇಟ್ಟುಕೊಂಡಳು ಎನ್ನುತ್ತಾನೆ. ಇಂಥ ಬಾವಿಗೆ ಹಗ್ಗ ಎಲ್ಲಿಂದ ತರುವುದು? ಹಲ್ಲು ಕಚ್ಚಿ, ಭಾನುವಾರ ಸಂಜೆ ನಡೆದದ್ದನ್ನೆಲ್ಲ ಮೊದಲಿಂದ ಹೇಳಿದಳು. ಓದಿದವರು ಯಾರು, ಉತ್ತರಿಸಿದವರು ಯಾರು, ‘ನೀವು’ ಎಂದದ್ದನ್ನು ಮನೆಯವರೆಲ್ಲ ಹೇಗೆ ಹಂಚಿಕೊಂಡರು, ಎಲ್ಲ.

ನಗುಮುಖನಿಗೆ ಈ ಸಲ ನಿಜವಾದ ನಗು ಬಂತು. ‘‘ಅಯ್ಯೋ ಪೆದ್ದಿ. ನೀವು ಅಂದ್ರೆ ನೀನೇ ಕಣಮ್ಮ. ಅದು ಮರ್ಯಾದೆಗೆ ಹಾಗೆ ಬರೆಯೋದು.’’

‘‘ಯಾರ ಮರ್ಯಾದೆಗೆ ಸಾರ್?’’

‘‘ನಿನ್ನ ಮರ್ಯಾದೆಗೇ.’’

‘‘ನೀವು ಇಲ್ಲಿಗೆ ಬಂದಾಗಿಂದ ನನ್ನನ್ನ ಒಂದು ಸಲನಾದ್ರೂ ನೀವು ಅಂದಿದೀರಾ? ಈಗ ಕೂಡ ಪೆದ್ದಿ ಅಂದ್ರಿ. ಬಾಯಲ್ಲಿ ನೀನು, ಫೋನಲ್ಲಿ ನೀವು. ಅದು ನಾನೇ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?’’

ನಗುಮುಖನ ನಗು ಅಲ್ಲೇ ಇತ್ತು, ಆದರೆ ಅದರೊಳಗೆ ಯಾರೂ ಇರಲಿಲ್ಲ. ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿದ. ‘‘ನೋಡಮ್ಮ, ಒಬ್ಬರ ಪರೀಕ್ಷೆಗೆ ಇನ್ನೊಬ್ಬರ ಕೈಲಿ ಉತ್ತರ ಹಾಕಿಸಿದ್ರೆ ಅದು ಮೋಸ. ನೀನೇ ಬಂದು ಹೇಳಿದ್ದನ್ನ ನಾನು ಬರ್ಕೊಂಡ್ರೆ ನಿನ್ನ ಕೆಲಸಕ್ಕೇ ಕುತ್ತು. ಹಾಗಾಗಿ ನಾನು ಕೇಳಿಸ್ಕೊಂಡಿಲ್ಲ ಅನ್ಕೋತೀನಿ. ಹಾಗೂ ನಿನಗೆ ಹಟ ಇದ್ರೆ, ಒತ್ತಿದವರೇ ಬಂದು, ಇವು ನನ್ನ ಉತ್ತರಗಳು, ತಿಳೀದೆ ಹೀಗಾಯ್ತು ಅಂತ ಹೇಳ್ಲಿ. ಇನ್ನೊಂದು ಅವಕಾಶ ಕೊಡೋಣ. ನಾಳೆ ಬೆಳಿಗ್ಗೆಯೊಳಗೆ. ಆಮೇಲೆ ಪಟ್ಟಿ ಮುಖ್ಯ ಕಚೇರಿಗೆ ಹೋಗಿಬಿಡತ್ತೆ.’’

ಅಷ್ಟು ಸಾಕಿತ್ತು ಅವಳಿಗೆ. ಗಂಡ ಬಂದು ಒಂದು ವಾಕ್ಯ ಹೇಳಬೇಕು. ಅದಕ್ಕೇನು ದೊಡ್ಡ ಕಷ್ಟ? ದಾರಿಯುದ್ದಕ್ಕೂ ಅವಳ ಕಾಲು ನೆಲಕ್ಕೆ ತಾಗಲಿಲ್ಲ.

ಮನೆಗೆ ಬಂದಾಗ ಗಂಡ ಒಂದು ತೂಕದ ಯಂತ್ರದ ಹೊಟ್ಟೆ ಬಿಚ್ಚಿ ಹರಡಿಕೊಂಡು ಕೂತಿದ್ದ. ಅತ್ತೆ ಗೋಡೆಗೊರಗಿ ಕಾಲು ನೀವಿಕೊಳ್ಳುತ್ತಿದ್ದರು. ಗುಡುಗಕ್ಕ ವಿಷಯ ಹೇಳಿದಳು. ಗಂಡ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

‘‘ವರದಿ ಸರಿಯಾಗೇ ಇದೆಯಲ್ಲ. ನಾನೂ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ನಿನ್ನನ್ನ ಪಕ್ಕದಲ್ಲಿ ಕೂತು ನೋಡಿ ಬರೆದ ಹಾಗಿದೆ. ಯಂತ್ರ ಸುಳ್ಳು ಹೇಳಲ್ಲ.’’

‘‘ನಿಮ್ಮ ಅಂಗಡೀಲಿ ತಟ್ಟೆ ಮೇಲೆ ಮೂರು ಜನ ಹತ್ತಿ ಕೂತು, ಬಂದ ತೂಕಾನ ತಟ್ಟೆ ಹತ್ತದೇ ಇದ್ದೋಳ ಹೆಸರಿಗೆ ಬರ್ದ್ರೆ ಒಪ್ಕೋತೀರೇನ್ರೀ? ಅಲ್ಲಿ ಉತ್ತರ ಕೊಟ್ಟೋರು ನೀವು, ಅತ್ತೆ, ಭಾವ. ನಾನು ಹಿಟ್ಟು ನಾದ್ತಿದ್ದೆ.’’

‘‘ಯಾರು ಕೊಟ್ರೇನು, ಹೊಂದಿದೆಯಲ್ಲ?’’

‘‘ಹೊಂದಿಲ್ಲ. ಬರ್ದಿರೋದು ನಿಮ್ಮ ಬಗ್ಗೆ. ನಾಳೆ ನನ್ನ ಜೊತೆ ಬಂದು ಅವು ನನ್ನ ಉತ್ತರ ಅಂತ ಒಂದು ಮಾತು ಹೇಳಿ ಸಾಕು. ಕುರ್ಚಿ ಸಿಗತ್ತೋ ಬಿಡತ್ತೋ, ಆ ಹಿಂದಿನ ಕೋಣೆಯಿಂದ ಹೊರಗೆ ಬರೋಕೆ ನಂಗೊಂದು ದಾರಿ ಆಗತ್ತೆ.’’

ಈಗ ಸ್ಕ್ರೂ ನಿಂತಿತು. ‘‘ಅಂದ್ರೆ? ಆ ಬಾವಿ ನಾನು ಅಂತ ನಾಲ್ಕು ಜನರ ಮುಂದೆ ಒಪ್ಕೋಬೇಕಾ?’’

‘‘ಉತ್ತರ ನಿಮ್ಮದು ಅಂತ ಒಪ್ಕೋಬೇಕು.’’

‘‘ಎರಡೂ ಒಂದೇ. ಧೈರ್ಯ ಇಲ್ಲ, ಯಾರನ್ನೋ ಕೇಳದೆ ಏನೂ ಮಾಡಲ್ಲ, ಜನರ ಜೊತೆ ಬೆರೆಯೋಕೆ ಬರಲ್ಲ. ಗಂಡಸಿಗೆ ಯಾರಾದ್ರೂ ಹೀಗೆ ಅಂದ್ರೆ ಮರ್ಯಾದೆ ಉಳಿಯತ್ತಾ?’’

‘‘ನಂಗೆ ಅಂದಾಗ ಸರಿಯಾಗಿದೆ ಅಂದ್ರಿ.’’

‘‘ನಿನಗೆ ಸರಿಯಾಗಿದೆ. ಹೆಂಗಸು ಹಾಗಿದ್ರೇ ಚೆಂದ,’’ ಎಂದ ಅವನು. ಅವಳನ್ನು ಹೊಗಳುತ್ತಿದ್ದೇನೆ ಎಂದೇ ಪಾಪ ಅವನು ತಿಳಿದಿದ್ದ.

ಅತ್ತೆ ಕಾಲು ನೀವುವುದನ್ನು ಬಿಟ್ಟು ತಲೆ ಎತ್ತಿದರು. ‘‘ಗಂಡನ್ನ ಕಚೇರಿಗೆ ಕರ್ಕೊಂಡು ಹೋಗಿ ತಲೆ ತಗ್ಗಿಸೋ ಹಾಗೆ ಮಾಡಿ ಯಾವ ಕುರ್ಚೀಲಿ ಕೂರ್ತೀಯೇ?’’

ಗುಡುಗಕ್ಕ ಕೇಳಿದಳು, ಬೇಡಿದಳು. ಹೌದು, ಬೇಡಿದಳು, ಅದನ್ನು ಮುಚ್ಚಿಡುವುದೇಕೆ. ಕೊನೆಗೆ ಗಂಡ ಬಹಳ ದೊಡ್ಡ ಮನಸ್ಸು ಮಾಡಿದವನ ಹಾಗೆ ನಿಟ್ಟುಸಿರು ಬಿಟ್ಟ. ‘‘ನೋಡೋಣ. ಅ‌ಣ್ಣ ಊರಿಂದ ಬರ್ಲಿ, ಒಂದು ಮಾತು ಕೇಳ್ತೀನಿ.’’

‘‘ಭಾವ ಬರೋದು ನಾಳೆ ಸಂಜೆಗೆ. ಕಚೇರಿಗೆ ಹೋಗ್ಬೇಕಾಗಿರೋದು ನಾಳೆ ಬೆಳಿಗ್ಗೆ.’’

‘‘ಹಾಗಂತ? ಆತುರಪಟ್ಟು ಏನೂ ಮಾಡಲ್ಲ ನಾವು.’’

ಆ ‘ನಾವು’ ಕಿವಿಗೆ ಬಿದ್ದ ಕ್ಷಣ ಅವಳೊಳಗೆ ಏನೋ ತಣ್ಣಗಾಯಿತು. ಈ ಮನೆಯಲ್ಲಿ ಎಲ್ಲದಕ್ಕೂ ‘ನಾವು’. ನಾವು ಯಾರ ಮನೆಗೂ ಹೋಗಲ್ಲ, ನಾವು ಯಾರನ್ನೂ ನಂಬಲ್ಲ, ನಮಗ್ಯಾಕೆ ಮುಂದಾಳತ್ವ. ಆ ‘ನಾವು’ಗಳಲ್ಲಿ ಅವಳನ್ನು ಯಾರೂ ಕೇಳಿ ಸೇರಿಸಿಕೊಂಡಿರಲಿಲ್ಲ. ಬೆಲೆ ತೆರುವಾಗ ಮಾತ್ರ ಅದು ‘ನೀನು’ ಆಗುತ್ತಿತ್ತು. ಈ ಒಬ್ಬ ಗಂಡಸನ್ನು ಅವಳು ಮದುವೆಯಾದಂದಿನಿಂದ ‘ನೀವು’ ಅಂದಿದ್ದಳು, ಮಾತಿಗೊಂದು ‘ರೀ’ ಹಚ್ಚಿದ್ದಳು. ಇಂದು ನೋಡಿದರೆ ಅವನು ಒಬ್ಬನಾಗಿ ಒಂದು ವಾಕ್ಯ ಹೇಳಲಾರ.

‘‘ಸರಿ,’’ ಎಂದಳು. ‘‘ನಾಳೆ ನಾನೇ ಹೋಗಿ ಹೇಳ್ತೀನಿ. ಒತ್ತಿದ್ದು ನಾನಲ್ಲ ಅಂತ ಬರ್ಕೊಳ್ಳಿ ಅಂತೀನಿ. ಮೋಸ ಅಂದ್ರೂ ಸರಿ, ಕೆಲಸದಿಂದ ತೆಗೆದ್ರೂ ಸರಿ. ಆ ಬಿಲ್ಲೆ ಹಾಕ್ಕೊಂಡು ಆ ಕೋಣೆಗೆ ನಾನು ಇನ್ನು ಕಾಲಿಡಲ್ಲ.’’

‘‘ಕೆಲಸ ಹೋದ್ರೆ ಮನೆ ಹೇಗೆ ನಡೆಯತ್ತೆ ಅಂತ ಯೋಚ್ನೆ ಮಾಡಿದೀಯಾ?’’

‘‘ನೀವು ಮಾಡಿ. ನಿಮಗೆ ಟೈಮಿದೆ.’’

ಗಂಡ ಮಾತು ಬಿಟ್ಟ. ಅದು ಅವನ ಸಿಟ್ಟಿನ ರೀತಿ, ವರದಿಯಲ್ಲಿ ಬರೆದಿದ್ದ ಹಾಗೆಯೇ. ಊಟಕ್ಕೆ ಕೂತಾಗ ನೀರು ಬೇಕಾದರೂ ತಾಯಿಗೆ ಸನ್ನೆ ಮಾಡಿದ.

ಬೆಳಿಗ್ಗೆ ಗುಡುಗಕ್ಕ ಹೊರಡುವ ಹೊತ್ತಿಗೆ ಗಂಡ ಬಚ್ಚಲಿನಲ್ಲಿದ್ದ. ಅವನು ಅಂಗಡಿಗೆ ಹಾಕಿಕೊಂಡು ಹೋಗುವ ಅಂಗಿ ಗೂಟದಲ್ಲಿ ನೇತಾಡುತ್ತಿತ್ತು. ಅವಳೇ ಒಗೆದದ್ದು, ಅವಳೇ ಇಸ್ತ್ರಿ ಮಾಡಿದ್ದು. ತನ್ನ ಚೀಲದಿಂದ ಬಿಲ್ಲೆ ತೆಗೆದು ಅಂಗಿಯ ಎದೆಗೆ ಚುಚ್ಚಿದಳು. ಈ ಸಲ ಪಿನ್ನು ಬೆರಳಿಗೆ ತಾಗಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುವಾಗ ಗಂಡ ತಲೆ ಒರೆಸಿಕೊಳ್ಳುತ್ತ ಬಂದು ಅಂಗಿಯ ಮುಂದೆ ನಿಂತ. ನಿನ್ನೆಯಿಂದ ಬಿಟ್ಟಿದ್ದ ಮಾತು ತಾನಾಗಿ ಬಾಯಿಗೆ ಬಂತು.

‘‘ಏನಿದು?’’

‘‘ನಿಂದು,’’ ಎಂದಳು ಗುಡುಗಕ್ಕ. ‘‘ನೀನು ಹಾಕ್ಕೋ.’’

ಅವನಿಗೆ ಮೊದಲು ಅರ್ಥವಾಗಲಿಲ್ಲ. ಯಾರೋ ಬೇರೆಯವರಿಗೆ ಹೇಳಿದಳೇನೋ ಎಂಬಂತೆ ಹಿಂತಿರುಗಿ ನೋಡಿದ. ಹಿಂದೆ ಬಚ್ಚಲ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದರು. ‘‘ಏನಂದೆ? ಗಂಡನ್ನ ನೀನು ಅಂದ್ಯಾ?’’

ಒಗೆಯುವ ಯಂತ್ರಗಳ ಗದ್ದಲ ದಾಟಿ ಆ ತುದಿಗೆ ಮುಟ್ಟುತ್ತಿದ್ದ ದನಿಯನ್ನು ಗುಡುಗಕ್ಕ ಈ ಮನೆಯೊಳಗೆ ಎಂದೂ ಬಿಚ್ಚಿರಲಿಲ್ಲ. ಈಗ ಬಿಚ್ಚಿದಳು. ಎದುರು ಮನೆಯ ಕಿಟಕಿ ತೆರೆದುಕೊಂಡಿತು.

‘‘ಹೌದು ಅತ್ತೆ. ನೀವು ಅಂದ್ರೆ ಈ ಮನೇಲಿ ಎಲ್ಲರೂ ಎದ್ದು ಬರ್ತೀರಿ. ಇದು ಒಬ್ಬನಿಗೇ ಹೇಳಿದ್ದು.’’